ಮನೆ ಹತ್ತಿರದ ಬಂಡೆ, ದೂರದ ಕಡಲು

ಶನಿವಾರ ಬಂತೆಂದರೆ ಮಧುರೆ ಹೋಬಳಿಯ ಕನಸವಾಡಿಯಲ್ಲಿ ಜನಜಾತ್ರೆ. ಬೆಂಗಳೂರು, ನೆಲಮಂಗಲ, ತುಮಕೂರು ಕಡೆಯಿಂದ ಶನಿಮಹಾತ್ಮನ ದರ್ಶನಕ್ಕೆ ಬರುವವರು ಎಳ್ಳುಬತ್ತಿ ಹಚ್ಚಿ, ಪ್ರಸಾದ ತೆಗೆದುಕೊಂಡು, ಬಂದ ದಾರಿಯಲ್ಲೇ ವಾಪಸಾಗುತ್ತಾರೆ. ಅವರ ಪೈಕಿ ಒಂದಷ್ಟು ಮಂದಿ ಮಾತ್ರ ದೊಡ್ಡಬಳ್ಳಾಪುರ ದಾಟಿ ಮುಂದಕ್ಕೆ ಹೋಗುತ್ತಾರೆ. ಘಾಟಿ ಸುಬ್ರಹ್ಮಣ್ಯದ ಹರಕೆ ಇದ್ದವರು ಅತ್ತ, ಬೆನ್ನಿಗೆ ಚೀಲ ಏರಿಸಿಕೊಂಡ ಹುಡುಗ ಹುಡುಗಿಯರು ಮಾಕಳಿದುರ್ಗದತ್ತ. ಅಲ್ಲಿಂದ ನೆಲದ ಸ್ವರೂಪವೇ ಬೇರೆ. ರಾಗಿ ಹೊಲ, ದ್ರಾಕ್ಷಿ ತೋಟಗಳ ಹಿಂದೆ ಬೋಳು ಬಂಡೆಗಳು ಒಂದರ ಪಕ್ಕ ಒಂದು ಎದ್ದು ನಿಲ್ಲುತ್ತವೆ. ಪೂರ್ವಕ್ಕೆ 1,478 ಮೀಟರ್ ಎತ್ತರದ ನಂದಿಬೆಟ್ಟ, ಅದರ ನೆರೆಯಲ್ಲಿ ಚನ್ನಗಿರಿ, ಬ್ರಹ್ಮಗಿರಿ, ಸ್ಕಂದಗಿರಿ.

ಈ ಸೀಮೆಯವರಿಗೆ ಕಲ್ಲು ಹೊಸದೇನಲ್ಲ. ದ್ರಾಕ್ಷಿ ಚಪ್ಪರಕ್ಕೆ ಕಲ್ಲುಕೂಚ, ಹಳೆಯ ಮನೆಯ ಚಾವಣಿಗೆ ಕಲ್ಲುಚಪ್ಪಡಿ, ಹೊಲದ ಬದುವಿಗೆ ಕಲ್ಲು, ಬಟ್ಟೆ ಒಗೆಯಲು ಕಲ್ಲು. ಬೆಟ್ಟದ ಮೇಲೆ ಕೋಟೆ, ಬೆಟ್ಟದ ಕೆಳಗೆ ಕ್ವಾರಿ. ಇಷ್ಟೆಲ್ಲ ಕಲ್ಲಿನೊಳಗೇ ಬೆಳೆದ ಮಕ್ಕಳಿಗೆ ಬಂಡೆ ಹತ್ತುವುದನ್ನು ಕ್ರಮವಾಗಿ ಕಲಿಸುವ ವ್ಯವಸ್ಥೆ ಮಾತ್ರ ಹೆಚ್ಚೇನೂ ಬೆಳೆದಿಲ್ಲ. ಯುರೋಪು, ಅಮೆರಿಕದ ಆರೋಹಿಗಳು ವಿಮಾನ ಹತ್ತಿ ಬರುವುದು ಕರ್ನಾಟಕದ ಇಂಥ ಕಲ್ಲನ್ನೇ ಹುಡುಕಿಕೊಂಡು. ಇಲ್ಲಿನ ಹುಡುಗರು ಅದೇ ಕಲ್ಲನ್ನು ಹತ್ತುವುದು ಗೆಳೆಯರ ಜೊತೆ ಪಂಥ ಕಟ್ಟಿ, ಕಾಲಲ್ಲಿ ಹವಾಯಿ ಚಪ್ಪಲಿ ಹಾಕಿಕೊಂಡು. ಬಂಡೆ ಹತ್ತುವುದು ಧೈರ್ಯದ ಪರೀಕ್ಷೆಯಲ್ಲ, ಕಲಿಯಬೇಕಾದ ವಿದ್ಯೆ. ಕಲಿಸಲು ಬಲ್ಲವರು ಜೊತೆಗಿದ್ದಾಗ ಒಂದೇ ದಿನದಲ್ಲಿ ಅದರ ಮೊದಲ ಪಾಠ ಕೈಗೆ ಹತ್ತುತ್ತದೆ. ಆ ಪಾಠ ಹೆಚ್ಚಾಗಿ ಉಪಯೋಗಕ್ಕೆ ಬರುವುದು ಇನ್ನೊಂದು ಬೆಟ್ಟದ ಮೇಲಲ್ಲ, ಬಯಲುಸೀಮೆಯವರು ರಜೆಗೆ ಓಡುವ ಕಡಲದಂಡೆಯ ಗುಡ್ಡಗಳಲ್ಲಿ.

ಮೊದಲು ಕಲ್ಲಿನ ವಿಚಾರ. ಬೆಂಗಳೂರಿನ ಪಶ್ಚಿಮಕ್ಕೆ, ದಕ್ಷಿಣದಿಂದ ಉತ್ತರಕ್ಕೆ ಕರ್ನಾಟಕದ ಉದ್ದಕ್ಕೂ ಒಂದು ಗ್ರಾನೈಟ್ ಪಟ್ಟಿ ಹಾದುಹೋಗುತ್ತದೆ. ಭೂವಿಜ್ಞಾನಿಗಳು ಅದನ್ನು ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ. ಕ್ಲೋಸ್‌ಪೇಟೆ ಎಂಬುದು ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿದ್ದ ಹೆಸರು. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಕರಗಿದ್ದ ಶಿಲೆ ನಿಧಾನವಾಗಿ ತಣ್ಣಗಾಗಿ ಹರಳುಗಟ್ಟಿತು. ತಣಿಯಲು ಸಾಕಷ್ಟು ಕಾಲ ಸಿಕ್ಕಿದ್ದರಿಂದ ಹರಳುಗಳು ದೊಡ್ಡವಾದವು. ರಾಮನಗರದ ಬಂಡೆಯನ್ನು ಹತ್ತಿರ ಹೋಗಿ ನೋಡಿದರೆ ಹೆಬ್ಬೆರಳ ಗಾತ್ರದ ನಸುಗೆಂಪು, ಬೂದು ಬಣ್ಣದ ಫೆಲ್ಡ್‌ಸ್ಪಾರ್ ಹರಳುಗಳು ಮೇಲ್ಮೈಯಿಂದ ಕೂದಲೆಳೆಯಷ್ಟು ಹೊರಚಾಚಿರುವುದು ಕಾಣುತ್ತದೆ. ಹತ್ತುವವರ ಪಾದ ನಿಲ್ಲುವುದು ಆ ಕೂದಲೆಳೆಯ ಮೇಲೆ.

ಮೇಲಿನ ಮಣ್ಣು, ಶಿಲೆಯ ಭಾರ ಕೋಟ್ಯಂತರ ವರ್ಷಗಳಲ್ಲಿ ಕೊಚ್ಚಿಹೋದಾಗ ಅಡಿಯ ಗ್ರಾನೈಟ್ ಹಿಗ್ಗುತ್ತದೆ. ಹಿಗ್ಗಿದ ಬಂಡೆ ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಬಿಡುತ್ತದೆ. ನಮ್ಮ ಬೆಟ್ಟಗಳಿಗೆ ಈ ಗುಂಡನೆಯ ಬೋಳು ನೆತ್ತಿ ಬಂದದ್ದು ಹೀಗೆ. ಬೆಂಗಳೂರು ಸುತ್ತಲಿನ ಕಲ್ಲುಕೆಲಸದವರು ಇದೇ ಗುಣವನ್ನು ತಲೆಮಾರುಗಳಿಂದ ಬಳಸಿಕೊಂಡು ಬಂದವರು. ಬಂಡೆಯ ಮೇಲೆ ಸೌದೆಯ ಬೆಂಕಿ ಹಾಕಿ, ಅದನ್ನು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಸರಿಸುತ್ತ, ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುತ್ತಾರೆ. ಗಟ್ಟಿ ಕಲ್ಲಿನ ದನಿ ಬೇರೆ, ಅಡಿಯಿಂದ ಬಿಟ್ಟುಕೊಂಡ ಪದರದ ದನಿ ಬೇರೆ. ಟೊಳ್ಳು ಸದ್ದು ಬಂತೆಂದರೆ ಚಪ್ಪಡಿ ಎದ್ದಿದೆ ಎಂದರ್ಥ. ಇವತ್ತು ಬಂಡೆ ಹತ್ತಿಸುವ ತರಬೇತುದಾರರು ಶಿಷ್ಯರಿಗೆ ಕಲಿಸುವ ಮೊದಲ ಅಭ್ಯಾಸಗಳಲ್ಲೊಂದು ಇದೇ. ಹಿಡಿಯುವ ಮುನ್ನ ಅಂಗೈಯಿಂದ ತಟ್ಟಿ, ಕಿವಿಗೊಟ್ಟು ಕೇಳಿ. ಟೊಳ್ಳು ಎನಿಸಿದರೆ ಆ ಹಿಡಿ ಬಿಡಿ. ಕಲ್ಲುಕುಟಿಗರ ಕಿವಿಗಿದ್ದ ಈ ಜ್ಞಾನಕ್ಕೆ ಆರೋಹಣದ ಪುಸ್ತಕಗಳಲ್ಲಿ ಸಿಗಬೇಕಾದ ಮರ್ಯಾದೆ ಇನ್ನೂ ಸಿಕ್ಕಿಲ್ಲ.

ಬಂಡೆಯೇರುವ ಕತೆಗಳೂ ಇಲ್ಲಿ ಕಡಿಮೆಯಿಲ್ಲ. 1791ರ ಅಕ್ಟೋಬರ್‌ನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ನಂದಿದುರ್ಗವನ್ನು ಹಿಡಿಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಏರಲಾಗದೆಂದೇ ಹೆಸರಾಗಿದ್ದ ಸಾವನದುರ್ಗವೂ ಬಿತ್ತು. ಚಿತ್ರದುರ್ಗದ ಕಿಂಡಿಯಲ್ಲಿ ಒನಕೆ ಹಿಡಿದು ನಿಂತ ಓಬವ್ವನ ಕತೆ ಗೊತ್ತಿಲ್ಲದ ಕನ್ನಡಿಗರಿಲ್ಲ. ಕೋಟೆ ಕಟ್ಟಿದವರೂ ಅದನ್ನು ಮುರಿಯಬಂದವರೂ ಬಂಡೆಯನ್ನು ಬಲ್ಲವರೇ. ಮಾಕಳಿದುರ್ಗದ ನೆತ್ತಿಯ ಮುರಿದ ಕೋಟೆಗೋಡೆ, ಶಿವನ ಗುಡಿ, ನಂದಿ ಇವೆಲ್ಲ ಅಲ್ಲಿಗೆ ಕಲ್ಲು ಹೊತ್ತವರ ಕಾಲ್ಬಲಕ್ಕೆ ಸಾಕ್ಷಿ.

ಹಗ್ಗ ಹಾಕಿ ಕಲಿಸುವ ತರಗತಿಗೆ ಮಾಕಳಿದುರ್ಗ ಅಷ್ಟಾಗಿ ಬಳಕೆಯಲ್ಲಿಲ್ಲ. ಅದು ಮುಖ್ಯವಾಗಿ ಚಾರಣದ ಬೆಟ್ಟ. ಕಲಿಯುವವರು ಹೋಗುವುದು ರಾಮನಗರ, ಸಾವನದುರ್ಗ ಮತ್ತು ಬೆಂಗಳೂರಿನ ಅಂಚಿನ ತುರಹಳ್ಳಿಗೆ. ಸರ್ಕಾರದ ಕಡೆಯಿಂದ ಇದಕ್ಕೆಂದೇ ಇರುವ ಸಂಸ್ಥೆ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ. ಭೂಸೇನೆಯ ಮುಖ್ಯಸ್ಥರಾಗಿದ್ದ ಕೊಡಗಿನ ಕೆ.ಎಸ್. ತಿಮ್ಮಯ್ಯ ಅವರ ಹೆಸರಿನ ಈ ಅಕಾಡೆಮಿ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಅಡಿಯಲ್ಲಿದೆ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಕೃತಕ ಆರೋಹಣ ಗೋಡೆ ಇದೆ. ಬಂಡೆಗೆ ಹೋಗುವ ಮುನ್ನ ಅಲ್ಲಿ ಕೈ ಪಳಗಿಸಿಕೊಂಡವರು ಬಹಳ ಮಂದಿ.

ಈಗ ಒಂದು ತರಗತಿಯನ್ನು ಹತ್ತಿರದಿಂದ ನೋಡೋಣ.

ರಾಮನಗರದಲ್ಲಿ ನವೆಂಬರ್‌ನ ಬೆಳಗಿನ ಏಳು ಗಂಟೆ. ಬಂಡೆ ಇನ್ನೂ ತಣ್ಣಗಿದೆ. ಬಿಸಿಲೇರಿದರೆ ಕಲ್ಲು ಕಾದು ಬೂಟಿನ ರಬ್ಬರ್ ಮೆದುವಾಗುತ್ತದೆ, ಅಂಗೈ ಬೆವರುತ್ತದೆ, ಹಿಡಿತ ತಪ್ಪುತ್ತದೆ. ಹಾಗಾಗಿ ಚಳಿಗಾಲವೇ ಕಲಿಕೆಯ ಕಾಲ, ಬೆಳಗೇ ಅದರ ಹೊತ್ತು. ಹೊಸಬರಿಗೆ ಬೇಗ ಗೋಡೆಗೆ ಕೈಯಿಡುವ ಆತುರ. ಆದರೆ ತರಗತಿ ಶುರುವಾಗುವುದು ನೆಲದ ಮೇಲೆ. ಮೊದಲು ಹೆಲ್ಮೆಟ್. ಆಮೇಲೆ ಹಾರ್ನೆಸ್, ಅಂದರೆ ಸೊಂಟಕ್ಕೆ ಒಂದು, ತೊಡೆಗಳಿಗೆ ಎರಡು ಪಟ್ಟಿ ಇರುವ ಕವಚ. ಸೊಂಟದ ಪಟ್ಟಿ ಸೊಂಟದೆಲುಬಿಗಿಂತ ಮೇಲೆಯೇ ಕೂರಬೇಕು. ಕೆಳಗೆ ಜಾರಿದರೆ, ತಲೆಕೆಳಗಾಗಿ ಬಿದ್ದಾಗ ಮನುಷ್ಯ ಅದರಿಂದ ಕಳಚಿಕೊಳ್ಳುವ ಅಪಾಯವಿದೆ. ಮಾರ್ಗದರ್ಶಕರು ಪ್ರತಿಯೊಬ್ಬರ ಪಟ್ಟಿಯನ್ನೂ ತಾವೇ ಎಳೆದು ನೋಡುತ್ತಾರೆ.

ಮುಂದಿನದು ಗಂಟು. ಹಗ್ಗದ ತುದಿಯಿಂದ ಒಂದು ತೋಳಿನಷ್ಟು ಉದ್ದ ಬಿಟ್ಟು ಇಂಗ್ಲಿಷ್‌ನ 8ರ ಆಕಾರದಲ್ಲಿ ಒಂದು ಗಂಟು. ಉಳಿದ ತುದಿಯನ್ನು ಹಾರ್ನೆಸ್‌ನ ಕೆಳಗಿನ ಕುಣಿಕೆಯಲ್ಲಿ ತೂರಿಸಿ, ಮೇಲಿನ ಕುಣಿಕೆಯಿಂದ ಹೊರಕ್ಕೆಳೆದು, ಮೊದಲ ಎಂಟು ಹೋದ ದಾರಿಯಲ್ಲೇ ಹಿಂದಕ್ಕೆ ನಡೆಸಬೇಕು. ಎಲ್ಲೂ ಒಂದರ ಮೇಲೊಂದು ಹತ್ತದೆ ಹಗ್ಗದ ಎಳೆಗಳು ಜೋಡಿ ಜೋಡಿಯಾಗಿ ಮಲಗಿದರೆ ಗಂಟು ಸರಿ. ನಾಲ್ಕೂ ಕಡೆಯಿಂದ ಬಿಗಿಯಾಗಿ ಎಳೆದು, ಉಳಿದ ಬಾಲ ಒಂದು ಗೇಣಿಗೆ ಕಡಿಮೆಯಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಹೊಸಬರ ಬೆರಳು ಮೂರು ನಾಲ್ಕು ಸಲ ತಡವರಿಸುತ್ತವೆ. ಅದಕ್ಕೆ ಅವಸರವಿಲ್ಲ. ಈ ಗಂಟನ್ನು ಇಷ್ಟು ಮಂದಿ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಕಟ್ಟಿದ್ದು ತಪ್ಪಾದರೆ ಕಣ್ಣಿಗೆ ಕಾಣುತ್ತದೆ, ಇನ್ನೊಬ್ಬರು ಒಂದು ನೋಟದಲ್ಲಿ ಪತ್ತೆಹಚ್ಚಬಹುದು.

ಹಗ್ಗವೂ ಸಾಮಾನ್ಯದ್ದಲ್ಲ. ಹತ್ತು ಮಿಲಿಮೀಟರ್ ಆಸುಪಾಸಿನ ದಪ್ಪ, ಒಳಗೆ ನೈಲಾನ್ ತಿರುಳು, ಹೊರಗೆ ನೇಯ್ದ ಕವಚ. ಬಾವಿಯ ಹಗ್ಗದ ಹಾಗೆ ಇದು ಬಿಗಿದು ನಿಲ್ಲುವುದಿಲ್ಲ, ಹಿಗ್ಗುತ್ತದೆ. ಬೀಳುವ ದೇಹದ ರಭಸವನ್ನು ಹಗ್ಗ ಹಿಗ್ಗಿ ಹೀರಿಕೊಳ್ಳುವುದರಿಂದಲೇ ಬೆನ್ನು ಉಳಿಯುತ್ತದೆ. ಹಗ್ಗದ ಒಂದು ತುದಿ ಹತ್ತುವವರ ಸೊಂಟಕ್ಕೆ. ಅದು ಬಂಡೆಯ ನೆತ್ತಿಯಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಆಧಾರಗಳಿಗೆ ಕಟ್ಟಿದ ಕೊಂಡಿಯ ಮೂಲಕ ಹಾದು, ಕೆಳಗೆ ನಿಂತವರ ಬಿಲೇ ಸಾಧನಕ್ಕೆ, ಅಂದರೆ ಹಗ್ಗವನ್ನು ತಡೆದು ಹಿಡಿಯುವ ಸಾಧನಕ್ಕೆ ಬರುತ್ತದೆ. ಎರಡು ಆಧಾರ ಏಕೆಂದರೆ ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂದು. ಬಿಲೇ ಹಿಡಿದವರ ಕೆಲಸ ಹತ್ತುವವರ ಕೆಲಸಕ್ಕಿಂತ ಹಗುರವೇನಲ್ಲ. ಸಡಿಲವಾದ ಹಗ್ಗವನ್ನು ಒಂದು ಕೈ ಎಳೆದುಕೊಳ್ಳುತ್ತಿರಬೇಕು. ಬ್ರೇಕ್ ಹಿಡಿದ ಇನ್ನೊಂದು ಕೈ ಯಾವ ಕಾರಣಕ್ಕೂ ಹಗ್ಗ ಬಿಡಕೂಡದು. ಜೇನುನೊಣ ಕಡಿದರೂ ಬಿಡಕೂಡದು, ಫೋನು ರಿಂಗಾದರೂ ಬಿಡಕೂಡದು. ‘ಬಿಲೇ ಆನ್’ ಎಂಬ ಕೂಗು ಬರುವವರೆಗೆ ಹತ್ತುವವರು ಕಾಲೆತ್ತುವಂತಿಲ್ಲ. ‘ಟೇಕ್’ ಎಂದರೆ ಹಗ್ಗ ಬಿಗಿ, ‘ಲೋವರ್’ ಎಂದರೆ ಇಳಿಸು. ಹತ್ತುವವರ ಜೀವ ಹಿಡಿದ ಆ ಕೈ ಇನ್ನೊಬ್ಬ ಕಲಿಯುವವರದ್ದೇ ಆಗಿರುತ್ತದೆ, ಹಿಂದೆ ಮಾರ್ಗದರ್ಶಕರ ಕೈಯೂ ಹಗ್ಗದ ಮೇಲಿರುತ್ತದೆ. ಹದಿನೈದರ ಹುಡುಗಿ ತನ್ನ ತಂದೆಯ ಹಗ್ಗ ಹಿಡಿದು ನಿಲ್ಲುವ ದೃಶ್ಯ ಬೇರೆ ಯಾವ ಆಟದಲ್ಲಿ ಸಿಕ್ಕೀತು?

ಆಮೇಲೆ ಬಂಡೆ. ಇಳಿಜಾರಾದ ಗ್ರಾನೈಟ್ ಗೋಡೆಯಲ್ಲಿ ಹಿಡಿಯಲು ಕೈ ತೂರುವಷ್ಟು ಸಂದು ಬೇಕೆಂದು ಹೊಸಬರು ಹುಡುಕುತ್ತಾರೆ. ಸಿಗುವುದಿಲ್ಲ. ಭಯಕ್ಕೆ ದೇಹ ಬಂಡೆಯನ್ನು ತಬ್ಬಿಕೊಳ್ಳುತ್ತದೆ, ತಬ್ಬಿದ ಕೂಡಲೇ ಹಿಮ್ಮಡಿ ಮೇಲೇಳುತ್ತದೆ, ಪಾದ ಜಾರುತ್ತದೆ. ‘ಹೊಟ್ಟೆ ಹೊರಕ್ಕೆ, ಹಿಮ್ಮಡಿ ಕೆಳಕ್ಕೆ’ ಎಂದು ಕೆಳಗಿನಿಂದ ಕೂಗು ಬರುತ್ತದೆ. ಕೇಳಲು ಉಲ್ಟಾ ಎನಿಸಿದರೂ ಕಾರಣ ಸರಳ. ಸೊಂಟ ಬಂಡೆಯಿಂದ ದೂರವಾದಾಗ ದೇಹದ ಭಾರ ನೇರವಾಗಿ ಪಾದದ ಮೇಲೆ ಬಿದ್ದು ಬೂಟಿನ ರಬ್ಬರನ್ನು ಕಲ್ಲಿಗೆ ಒತ್ತುತ್ತದೆ. ಒತ್ತಿದಷ್ಟೂ ಘರ್ಷಣೆ ಹೆಚ್ಚು. ಬಂಡೆಗೆ ಅಂಟಿಕೊಂಡರೆ ಅದೇ ಭಾರ ಪಾದವನ್ನು ಕೆಳಗೆ ತಳ್ಳುತ್ತದೆ. ಕೈ ಸಮತೋಲಕ್ಕೆ, ಕಾಲು ಏರುವುದಕ್ಕೆ ಎಂಬುದು ಅರ್ಥವಾದ ಕ್ಷಣದಿಂದ ಹತ್ತುವವರ ನಡೆಯೇ ಬದಲಾಗುತ್ತದೆ. ಮೊದಲು ತೋಳುಗಳು ನಡುಗಿ ಸೋತವರು ಈಗ ಹರಳಿಂದ ಹರಳಿಗೆ ಸಣ್ಣ ಸಣ್ಣ ಹೆಜ್ಜೆ ಇಡುತ್ತಾರೆ. ಎರಡು ಕೈ, ಎರಡು ಕಾಲು, ಇವುಗಳಲ್ಲಿ ಮೂರು ಯಾವಾಗಲೂ ಕಲ್ಲಿನ ಮೇಲೆ, ಚಲಿಸುವುದು ಒಂದೇ.

ಇಪ್ಪತ್ತು ಅಡಿ ಏರಿದ ಮೇಲೆ ಒಳ್ಳೆಯ ಮಾರ್ಗದರ್ಶಕರು ಒಂದು ಕೆಲಸ ಹೇಳುತ್ತಾರೆ: ಎರಡೂ ಕೈ ಬಿಟ್ಟು ಹಗ್ಗದ ಮೇಲೆ ಕೂತುಬಿಡಿ. ಹಲವರಿಗೆ ಇದು ಏರುವುದಕ್ಕಿಂತ ಕಷ್ಟ. ಬುದ್ಧಿ ಒಪ್ಪಿದರೂ ಬೆರಳು ಬಿಡುವುದಿಲ್ಲ. ಒಮ್ಮೆ ಬಿಟ್ಟು, ಹಗ್ಗ ಹಿಗ್ಗಿ, ದೇಹ ತೂಗಾಡಿ ನಿಂತಾಗ ಭಯ ಪೂರ್ತಿ ಹೋಗದಿದ್ದರೂ ಹತೋಟಿಗೆ ಬರುತ್ತದೆ. ಇದನ್ನು ಮಾಡಿಸದೆ ಜನರನ್ನು ಮೇಲಕ್ಕೆ ಎಳೆದು ಫೋಟೊ ತೆಗೆಸಿ ಕಳಿಸುವ ತರಗತಿಯಲ್ಲಿ ಕಲಿಕೆ ಅರ್ಧಕ್ಕೆ ನಿಂತಂತೆ.

ಹಗ್ಗವಿಲ್ಲದೆ ಹತ್ತುವವರ ವಿಡಿಯೊಗಳು ಈಗ ಎಲ್ಲರ ಫೋನಿನಲ್ಲೂ ಇವೆ. ಅಮೆರಿಕದ ಅಲೆಕ್ಸ್ ಹೊನಾಲ್ಡ್ 2017ರ ಜೂನ್ 3ರಂದು ಯೊಸೆಮಿಟಿಯ ಎಲ್ ಕ್ಯಾಪಿಟನ್ ಎಂಬ ಸುಮಾರು 900 ಮೀಟರ್ ಎತ್ತರದ ಗ್ರಾನೈಟ್ ಗೋಡೆಯನ್ನು ಹಗ್ಗವಿಲ್ಲದೆ ಏರಿದರು. ಆ ಏರಿಕೆಯ ಸಾಕ್ಷ್ಯಚಿತ್ರ ‘ಫ್ರೀ ಸೋಲೊ’ಗೆ ಆಸ್ಕರ್ ಬಂತು. ನೋಡಿದವರ ನೆನಪಿನಲ್ಲಿ ಉಳಿಯುವುದು ಆ ನಾಲ್ಕು ಗಂಟೆ. ಅದಕ್ಕೂ ಮುಂಚೆ ಅದೇ ದಾರಿಯನ್ನು ಹಗ್ಗ ಕಟ್ಟಿಕೊಂಡು ಮತ್ತೆ ಮತ್ತೆ ಏರಿ, ಒಂದೊಂದು ಹಿಡಿಯನ್ನೂ ಬಾಯಿಪಾಠ ಮಾಡಿಕೊಂಡ ದೀರ್ಘ ತಯಾರಿಯೂ ಅದೇ ಚಿತ್ರದಲ್ಲಿದೆ. ನಮ್ಮಲ್ಲಿ ಚಿತ್ರದುರ್ಗದ ಕೋಟೆಗೋಡೆಯನ್ನು ಬರಿಗೈಯಲ್ಲಿ ಸರಸರನೆ ಏರುವ ಜ್ಯೋತಿರಾಜ್, ಜನರ ಬಾಯಲ್ಲಿ ಕೋತಿರಾಜ, ಇದೇ ಬಗೆಯ ಅಚ್ಚರಿ. ಅವರ ಉಡದ ಪಟ್ಟು ವರ್ಷಗಟ್ಟಲೆ ಅದೇ ಗೋಡೆಯ ಮೇಲೆ ಬೆವರು ಸುರಿಸಿ ಗಳಿಸಿದ್ದು. ಚಪ್ಪಾಳೆ ತಟ್ಟೋಣ. ಹತ್ತನೇ ತರಗತಿಯ ಹುಡುಗನೊಬ್ಬ ಅದನ್ನು ನೋಡಿ ಊರ ಪಕ್ಕದ ಬಂಡೆಗೆ ಹೊರಟರೆ ತಡೆದು, ಹಗ್ಗವಿರುವ ಕಡೆಗೆ ಕರೆದೊಯ್ಯುವ ಹೊಣೆ ದೊಡ್ಡವರದು.

ಹಗ್ಗ ಹಿಡಿದು ಕಲಿತವರು ಎಲ್ಲಿಗೆ ತಲುಪಬಹುದು ಎನ್ನಲು ಬೆಂಗಳೂರಿನ ಮಣಿಕಂದನ್ ಕುಮಾರ್ ಸಾಕು. ಎಳವೆಯಲ್ಲೇ ಪೋಲಿಯೊದಿಂದ ಒಂದು ಕಾಲಿನ ಶಕ್ತಿ ಕಳೆದುಕೊಂಡ ಅವರು 2012ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ವಿಶ್ವ ಪ್ಯಾರಾ ಕ್ಲೈಂಬಿಂಗ್ ಚಾಂಪಿಯನ್‌ಷಿಪ್‌ನಲ್ಲಿ ಚಿನ್ನ ಗೆದ್ದರು. ಒಲಿಂಪಿಕ್ಸ್‌ಗೆ ಈ ಕ್ರೀಡೆ ಸೇರಿದ್ದು ಅದಾದ ಎಷ್ಟೋ ವರ್ಷಗಳ ಮೇಲೆ, 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ.

ಕರ್ನಾಟಕದ ಬಂಡೆಗಳ ಪೈಕಿ ಜಗತ್ತಿಗೆ ಹೆಚ್ಚು ಪರಿಚಿತವಾದವು ಬಾದಾಮಿ ಮತ್ತು ಹಂಪಿ. ಬಾದಾಮಿಯದ್ದು ಗ್ರಾನೈಟ್ ಅಲ್ಲ, ಕೆಂಪು ಮರಳುಗಲ್ಲು. ಅಡ್ಡಡ್ಡ ಪದರಗಳ ಅಂಚುಗಳೇ ಅಲ್ಲಿ ಬೆರಳಿಗೆ ಹಿಡಿ. ಚಾಲುಕ್ಯರು ಗುಹೆ ಕೊರೆದ ಅದೇ ಕಲ್ಲಿನಲ್ಲಿ ‘ಗಣೇಶ’ ಎಂಬ ಮಾರ್ಗವಿದೆ, ದೇಶದ ಅತಿ ಕಠಿಣ ಮಾರ್ಗಗಳಲ್ಲಿ ಒಂದೆಂದು ಹೆಸರು ಪಡೆದದ್ದು. ಹಂಪಿಯಲ್ಲಿ ಎತ್ತರದ ಗೋಡೆಗಿಂತ ಗುಂಡುಗಳದ್ದೇ ಆಟ. ಹಗ್ಗವಿಲ್ಲದೆ, ಕೆಳಗೆ ದಪ್ಪ ಹಾಸು ಹಾಕಿಕೊಂಡು, ಕೆಲವೇ ಅಡಿ ಏರುವ ಬೌಲ್ಡರಿಂಗ್. 2003ರಲ್ಲಿ ಬಂದ ‘ಪಿಲ್‌ಗ್ರಿಮೇಜ್’ ಎಂಬ ಚಿತ್ರದಲ್ಲಿ ಅಮೆರಿಕದ ಕ್ರಿಸ್ ಶರ್ಮಾ ಹಂಪಿಯ ಗುಂಡುಗಳನ್ನು ಹತ್ತುವುದನ್ನು ಕಂಡ ಮೇಲೆ ಆನೆಗೊಂದಿ ಕಡೆಗೆ ಬೆನ್ನಿಗೆ ಹಾಸು ಕಟ್ಟಿಕೊಂಡು ಬರುವವರ ಸಂಖ್ಯೆ ಏರಿತು. ಅದೇ ಶರ್ಮಾ 2006ರಲ್ಲಿ ಸ್ಪೇನಿನ ಮಯೋರ್ಕಾ ದ್ವೀಪದ ಬಳಿ, ಸಮುದ್ರದ ನಡುವೆ ಕಮಾನಿನಂತೆ ನಿಂತ ಎಸ್ ಪೊಂಟಾಸ್ ಎಂಬ ಬಂಡೆಯನ್ನು ಹಗ್ಗವಿಲ್ಲದೆ ಏರಿದರು. ಜಾರಿದರೆ ಕೆಳಗೆ ನೀರು. ಹತ್ತಾರು ಸಲ ಕಡಲಿಗೆ ಬಿದ್ದ ನಂತರ ಸಿಕ್ಕ ಯಶಸ್ಸು ಅದು.

ಕಲ್ಲು ಕಡಲು ಎರಡೂ ಸೇರುವ ಜಾಗಗಳಲ್ಲಿ ಆರೋಹಣದ ತರಗತಿ ಮತ್ತು ದಂಡೆಯ ನಡಿಗೆಯನ್ನು ಜೊತೆಗೂಡಿಸುವುದು ಥಾಯ್ಲೆಂಡಿನ ಕ್ರಾಬಿಯಲ್ಲಿ, ಫ್ರಾನ್ಸಿನ ಮಾರ್ಸೆಲ್ ಬಳಿಯ ಸುಣ್ಣಕಲ್ಲಿನ ಕಣಿವೆಗಳಲ್ಲಿ ಹಳೆಯ ರೂಢಿ. ಬೆಳಿಗ್ಗೆ ಬಂಡೆ, ಮಧ್ಯಾಹ್ನ ದಂಡೆ. ನಮ್ಮ ಕರಾವಳಿ ಹಾಗಿಲ್ಲ. ಇಲ್ಲಿ ಬಂಡೆ ಒಳನಾಡಿನಲ್ಲಿ, ದಂಡೆ ಘಟ್ಟದ ಕೆಳಗೆ. ನಡುವೆ ಒಂದು ರಾತ್ರಿಯ ರೈಲು. ಸಂಜೆ ಬೆಂಗಳೂರು ಬಿಡುವ ಪಂಚಗಂಗಾ ಎಕ್ಸ್‌ಪ್ರೆಸ್ ಬೆಳಗಾಗುವಾಗ ಗೋಕರ್ಣ ರೋಡ್ ನಿಲ್ದಾಣಕ್ಕೆ ಬಿಡುತ್ತದೆ. ಶನಿವಾರ ರಾಮನಗರದಲ್ಲಿ ಹಗ್ಗ, ಭಾನುವಾರ ಗೋಕರ್ಣದಲ್ಲಿ ಗುಡ್ಡ, ಸೋಮವಾರ ಒಂದು ರಜೆ ಹಾಕಿದರೆ ಆಯಿತು.

ಗೋಕರ್ಣದ ನಡಿಗೆಯ ಸೊಗಸು ಅದರ ಏರಿಳಿತದಲ್ಲಿದೆ. ಮಹಾಬಲೇಶ್ವರ ದೇವಸ್ಥಾನದ ಬಳಿಯ ದಂಡೆಯಿಂದ ದಕ್ಷಿಣಕ್ಕೆ ಹೊರಟರೆ ಕಡಲಿಗೆ ಚಾಚಿದ ಗುಡ್ಡವೊಂದು ಅಡ್ಡ ಬರುತ್ತದೆ. ಅದನ್ನು ಹತ್ತಿಳಿದರೆ ಕೂಡ್ಲೆ. ಇನ್ನೊಂದು ಗುಡ್ಡ, ಅದರಾಚೆ ಓಂ ಬೀಚ್, ನಡುವೆ ಚಾಚಿದ ಬಂಡೆಯ ಎರಡೂ ಬದಿಗೆ ಎರಡು ಅರ್ಧವೃತ್ತ. ಅಲ್ಲಿಂದ ಗಿಡಗಂಟಿಗಳ ನಡುವಿನ ಕಾಲುದಾರಿ ಹಾಫ್ ಮೂನ್‌ಗೆ, ಮುಂದೆ ಪ್ಯಾರಡೈಸ್‌ಗೆ. ಪ್ರತಿ ಗುಡ್ಡದ ನೆತ್ತಿಯಲ್ಲೂ ಕಡಲು ಹೊಸದಾಗಿ ತೆರೆದುಕೊಳ್ಳುತ್ತದೆ, ಪ್ರತಿ ಇಳಿಜಾರಿನಲ್ಲೂ ಮರೆಯಾಗುತ್ತದೆ. ಹಾಫ್ ಮೂನ್ ದಾಟಿದ ಮೇಲಿನ ಭಾಗ ಕಠಿಣ. ಅಲೆಗಳು ಬಡಿಯುವ ಕರಿಯ ಬಂಡೆಗಳ ಮೇಲೆ ಕೈಯೂರಿ ದಾಟಬೇಕಾದ ಕಡೆಗಳಿವೆ.

ರಾಮನಗರದ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ, ಸ್ವಲ್ಪ ತಿದ್ದುಪಡಿಯೊಂದಿಗೆ. ಈ ಗುಡ್ಡಗಳ ಮೇಲ್ಭಾಗ ಚಿರೆಕಲ್ಲು, ಮಂಗಳೂರು ಕಡೆಯವರ ಮುರಕಲ್ಲು. ಬ್ರಿಟಿಷ್ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕನನ್ 1800–01ರಲ್ಲಿ ಮೈಸೂರು, ಕೆನರಾ, ಮಲಬಾರಿನಲ್ಲಿ ಸುತ್ತಾಡಿದಾಗ, ಇಟ್ಟಿಗೆಯ ಹಾಗೆ ಕಡಿಯಲು ಬರುವ ಈ ಕಲ್ಲಿನ ಬಗ್ಗೆ ಬರೆದುಕೊಂಡ. ಲ್ಯಾಟರೈಟ್ ಎಂಬ ಹೆಸರು ಜಗತ್ತಿಗೆ ಬಂದದ್ದು ಅವನಿಂದ. ಬಿಸಿಲು ಮಳೆಗೆ ಶಿಲೆ ಕೊಳೆತು, ಕಬ್ಬಿಣ ಅಲ್ಯೂಮಿನಿಯಂ ಅಂಶಗಳಷ್ಟೇ ಉಳಿದು ಆದ ಕಲ್ಲು ಇದು. ಕೈಯಲ್ಲಿ ಹಿಡಿದು ನೋಡಿದರೆ ಮೈತುಂಬ ತೂತು, ತೂತಿನೊಳಗೆ ಹಳದಿ ಜೇಡಿ. ಒಣಗಿದಾಗ ಒರಟು, ಬೂಟಿಗೆ ಒಳ್ಳೆಯ ಹಿಡಿತ. ಆದರೆ ಅಂಚು ನಂಬುವಂತಿಲ್ಲ. ಕೆಳಗೆ ಅಲೆಗಳು ಬುಡವನ್ನು ಕೊರೆಯುತ್ತಿರುತ್ತವೆ, ಮೇಲೆ ಸೆಲ್ಫಿ ತೆಗೆಯುವವರು ನಿಂತಿರುತ್ತಾರೆ. ಗ್ರಾನೈಟ್‌ನಲ್ಲಿ ಹೊರಕ್ಕೆಳೆದರೂ ನಿಲ್ಲುವ ಹಿಡಿ ಚಿರೆಕಲ್ಲಿನಲ್ಲಿ ಕಿತ್ತು ಕೈಗೆ ಬರುತ್ತದೆ. ತಟ್ಟಿ ನೋಡಬೇಕು, ಕೆಳಮುಖವಾಗಿಯಷ್ಟೇ ಭಾರ ಹಾಕಬೇಕು, ಕಡಿದಾದ ಕಡೆ ಬಂಡೆಗೆ ಮುಖ ಮಾಡಿ ಇಳಿಯಬೇಕು. ಮೂರು ಆಧಾರದ ನಿಯಮವನ್ನು ಕಲಿತವರು ಇದನ್ನು ಹೇಳಿಸಿಕೊಳ್ಳದೆಯೇ ಮಾಡುತ್ತಾರೆ.

ಕಡಲು ಕಲಿಸುವ ಪಾಠ ಬೇರೆಯೇ. ಬಯಲುಸೀಮೆಯ ಕೆರೆ ಬೆಳಿಗ್ಗೆ ಎಷ್ಟಿತ್ತೋ ಸಂಜೆಯೂ ಅಷ್ಟೇ ಇರುತ್ತದೆ. ಸಮುದ್ರ ಹಾಗಲ್ಲ. ಹೆಚ್ಚುಕಡಿಮೆ ಆರು ಗಂಟೆಗೊಮ್ಮೆ ಏರುತ್ತದೆ, ಇಳಿಯುತ್ತದೆ. ಆ ಹೊತ್ತು ದಿನದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಏರಿಳಿತ ಜೋರು. ಬೆಳಿಗ್ಗೆ ಇಳಿತದಲ್ಲಿ ಕಾಲು ನೆನೆಯದೆ ದಾಟಿದ ಬಂಡೆಗಳು ಮಧ್ಯಾಹ್ನದ ಉಬ್ಬರದಲ್ಲಿ ಅಲೆಯ ಕೆಳಗಿರುತ್ತವೆ. ಮರಳುವ ದಾರಿ ಮುಚ್ಚಿತೆಂದು ಗೊತ್ತಾಗುವುದು ಅಲ್ಲಿಗೆ ಹೋದ ಮೇಲೆಯೇ. 2024ರ ಡಿಸೆಂಬರ್‌ನಲ್ಲಿ ಮುಳಬಾಗಿಲು ತಾಲ್ಲೂಕಿನಿಂದ ಶಾಲಾ ಪ್ರವಾಸಕ್ಕೆಂದು ಮುರುಡೇಶ್ವರಕ್ಕೆ ಹೋಗಿದ್ದ ನಾಲ್ವರು ವಿದ್ಯಾರ್ಥಿನಿಯರು ಅಲೆಗೆ ಸಿಕ್ಕಿ ಜೀವ ಕಳೆದುಕೊಂಡರು. ಕಡಲು ಕಾಣದ ಊರಿನ ಮಕ್ಕಳನ್ನು ದಂಡೆಗೆ ಕರೆದೊಯ್ಯುವಾಗ, ಅಲ್ಲಿನ ನೀರನ್ನು ಬಲ್ಲ ಸ್ಥಳೀಯರೊಬ್ಬರು ಜೊತೆಗಿರಲೇಬೇಕು. ಮೀನುಗಾರ ಕುಟುಂಬಗಳಲ್ಲಿ ಹುಟ್ಟಿಬೆಳೆದವರಿಗೆ ಯಾವ ಬಂಡೆಯ ಹಿಂದೆ ಸೆಳೆತ ಇದೆ, ಯಾವ ಹೊತ್ತಿಗೆ ದಾರಿ ಮುಚ್ಚುತ್ತದೆ ಎಂಬುದು ಯಾವ ಆ್ಯಪ್‌ಗಿಂತಲೂ ಚೆನ್ನಾಗಿ ಗೊತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ದಾರಿ ಹಿಡಿಯುವುದೇ ಬೇಡ.

ಪ್ಯಾರಡೈಸ್‌ನಾಚೆ ದಾರಿ ಬೇಲೆಕಾನ್ ಮೂಲಕ ತದಡಿ ಬಂದರಿಗೆ ಹೋಗುತ್ತದೆ. ಅಲ್ಲಿ ಅಘನಾಶಿನಿ ಕಡಲು ಸೇರುತ್ತದೆ. ಅಣೆಕಟ್ಟೆಯಿಲ್ಲದೆ ಹರಿಯುವ ಅಪರೂಪದ ನದಿ. ಅದರ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಸೊಂಟಮಟ್ಟದ ನೀರಿನಲ್ಲಿ ನಿಂತು ಬಳಚು ಚಿಪ್ಪು ಹೆಕ್ಕುವವರನ್ನು ಕಾಣಬಹುದು. ಉಪ್ಪುನೀರನ್ನೂ ಸಹಿಸಿ ಬೆಳೆಯುವ ಕಗ್ಗ ಭತ್ತ ಇಲ್ಲಿನ ಗಜನಿ ಭೂಮಿಯ ಬೆಳೆ. 2024ರ ಜನವರಿಯಲ್ಲಿ ಈ ಅಳಿವೆ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ದೋಣಿಯಲ್ಲಿ ನದಿ ದಾಟಿದರೆ ಆಚೆ ಕುಮಟಾ ಕಡೆಯ ದಂಡೆಗಳ ಸಾಲು. ಇನ್ನೊಂದು ದಿನ ಉಳಿದವರು ಒಳನಾಡಿನ ಯಾಣಕ್ಕೆ ಹೋಗಿ, 120 ಮೀಟರ್ ಎತ್ತರದ ಭೈರವೇಶ್ವರ ಶಿಖರದ ಕಪ್ಪು ಸುಣ್ಣಕಲ್ಲನ್ನು ಕತ್ತೆತ್ತಿ ನೋಡಿ ಬರಬಹುದು. ಅದು ಪೂಜೆಯ ಜಾಗ, ಹಗ್ಗ ಹಾಕುವ ಜಾಗವಲ್ಲ.

ಮಾರ್ಗದರ್ಶಕರನ್ನು ಆರಿಸುವಾಗ ಕೇಳಬೇಕಾದ ಪ್ರಶ್ನೆಗಳು ಸರಳ. ತರಬೇತಿ ಎಲ್ಲಿ ಆಗಿದೆ? ಹಗ್ಗ ಎಷ್ಟು ಹಳೆಯದು, ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ? ಮೇಲೆ ಎಷ್ಟು ಆಧಾರ ಕಟ್ಟುತ್ತೀರಿ? ಒಬ್ಬರ ಕೈಕೆಳಗೆ ಎಷ್ಟು ಮಂದಿ? ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲಿ? ಕೆಲಸ ಗೊತ್ತಿದ್ದವರು ಈ ಪ್ರಶ್ನೆಗಳಿಗೆ ಸಿಡುಕುವುದಿಲ್ಲ, ಖುಷಿಪಡುತ್ತಾರೆ. ಹೆಜ್ಜೇನಿನ ಬಗ್ಗೆ ಕೇಳಿದರಂತೂ ಇನ್ನೂ ಖುಷಿ. ನಮ್ಮ ಬಂಡೆಗಳ ಚಾಚಿನಡಿ ನೇತಾಡುವ ಹೆಜ್ಜೇನು ಹಗ್ಗದ ಮೇಲಿದ್ದವರಿಗೆ ಚಿರತೆಗಿಂತ ದೊಡ್ಡ ಅಪಾಯ. ಹುಟ್ಟು ಕಂಡ ಗೋಡೆಯ ಬಳಿ ಕೂಗಾಟ, ಹೊಗೆ, ಸುಗಂಧದ್ರವ್ಯ ಯಾವುದೂ ಸಲ್ಲ. ರಾಮನಗರದ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಅಭಯಾರಣ್ಯ. ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟುವ ಆ ಕಡಿದಾದ ಗೋಡೆಗಳಲ್ಲಿ ಮನುಷ್ಯರಿಗೆ ಕೆಲಸವಿಲ್ಲ. ‘ಶೋಲೆ’ ಚಿತ್ರೀಕರಣದ ಬೆಟ್ಟಗಳೆಂದು ನೋಡಲು ಬರುವವರಿಗೂ ಇದೇ ಮಾತು. ಮಾಕಳಿದುರ್ಗಕ್ಕೆ ಹೋಗುವವರು ಅರಣ್ಯ ಇಲಾಖೆಯ ಅನುಮತಿ ಪಡೆದು ಹೊರಡಬೇಕು. ಬೆಟ್ಟದ ಬುಡದಲ್ಲಿ ರೈಲು ಹಳಿಯ ಮೇಲೆ ನಡೆಯುವ ಚಟವನ್ನಂತೂ ಬಿಡಲೇಬೇಕು.

ದೊಡ್ಡಬಳ್ಳಾಪುರ ತಾಲ್ಲೂಕಿನ ಶಾಲೆಗಳಿಂದ ಡಿಸೆಂಬರ್, ಜನವರಿಯಲ್ಲಿ ಪ್ರವಾಸದ ಬಸ್ಸುಗಳು ಹೊರಡುತ್ತವೆ. ಮಧುರೆಯಿಂದ ಕಂಠೀರವ ಕ್ರೀಡಾಂಗಣದ ಗೋಡೆಗೆ ಹೋಗಿಬರಲು ಒಂದು ದಿನ ಸಾಕು. ಪ್ರೌಢಶಾಲೆಯ ಒಂದು ತರಗತಿಯನ್ನು ಅಕ್ಟೋಬರ್‌ನಲ್ಲಿ ಅಲ್ಲಿಗೆ ಕರೆದೊಯ್ದು, ನವೆಂಬರ್‌ನಲ್ಲಿ ನಿಜವಾದ ಬಂಡೆಯ ಮೇಲೆ ಗಂಟು ಕಟ್ಟಿಸಿ, ಆಮೇಲೆ ಕರಾವಳಿಯ ಪ್ರವಾಸ ಇಟ್ಟುಕೊಳ್ಳುವುದು ಸಾಧ್ಯವಿದೆ. ಸಾಹಸ ಅಕಾಡೆಮಿಗೆ ಒಂದು ಅರ್ಜಿ ಬರೆಯಲು ಮುಖ್ಯಶಿಕ್ಷಕರೊಬ್ಬರು ಮನಸ್ಸು ಮಾಡಬೇಕು, ಗ್ರಾಮ ಪಂಚಾಯಿತಿಯೋ ಹಳೆಯ ವಿದ್ಯಾರ್ಥಿಗಳೋ ಬಸ್ಸಿನ ಖರ್ಚಿಗೆ ಕೈಜೋಡಿಸಬೇಕು. ಗೋಕರ್ಣಕ್ಕೆ ಹೊರಡುವಾಗ ಪೋಷಕರಿಗೆ ಕಳಿಸುವ ಪತ್ರದಲ್ಲಿ ಊಟ, ವಸತಿಯ ವಿವರದ ಪಕ್ಕದಲ್ಲೇ ಆ ದಿನದ ಇಳಿತ ಎಷ್ಟು ಗಂಟೆಗೆ, ಜೊತೆಗೆ ನಡೆಯುವ ಸ್ಥಳೀಯ ಮಾರ್ಗದರ್ಶಕರು ಯಾರು ಎಂಬ ಎರಡು ಸಾಲನ್ನೂ ಸೇರಿಸುವುದು ಈ ವರ್ಷದಿಂದಲೇ ಆಗಬಹುದಾದ ಕೆಲಸ.